ಲಾಗ್ ಔಟ್ ಆದಮೇಲಿನ ಕೆಲಸ

“ನಿಂಗೆ ಗಡಿಯಾರ ನೋಡೋಕೆ ಬರುತ್ತೋ ಇಲ್ವೋ? ಎಂಟೂವರೆಗೆ ಲಾಗ್ ಔಟ್ ಆಗಿದ್ದೀಯ. ಈಗ ಎಂಟು ಐವತ್ತು. ಮ್ಯಾಪಲ್ಲಿ ನಿನ್ನ ಚುಕ್ಕಿ ಇನ್ನೂ ಆ ಮುದುಕಿ ಮನೇಲೇ ಇದೆ. ಮುಂದಿನ ಮನೆಗೆ ಹೊರಡೋದು ಬಿಟ್ಟು ಏನು, ಹರಟೆನಾ?”

ಫೋನು ಕಿಟಕಿಯ ಕಟ್ಟೆಯ ಮೇಲಿತ್ತು. ಮಹಾನಂದಾಳ ಬಲಗೈ ಚಂದ್ರವ್ವನ ಸೊಂಟದ ಕೆಳಗಿತ್ತು, ಎಡಗೈಯಲ್ಲಿ ಹೇಲು ಒರೆಸಿದ ಬಟ್ಟೆ. ಫೋನ್ ಹಿಡಿಯಲು ಮೂರನೆಯ ಕೈ ಇಲ್ಲದ್ದರಿಂದ ಸ್ಪೀಕರಿಗೆ ಹಾಕಿದ್ದಳು. ರಾಮಪ್ರಸಾದನ ದನಿ ಖೋಲಿ ತುಂಬ ಓಡಾಡುತ್ತಿತ್ತು.

“ಅವ್ವಾರು ಮತ್ತೊಮ್ಮಿ ಮಾಡ್ಕೊಂಡಾರ್ರಿ ಸರ್. ತೊಳ್ಯಾಕ ಹತ್ತೀನಿ.”

“ಲಾಗ್ ಔಟ್ ಆದ್ಮೇಲೆ ತಾನೇ ಮಾಡ್ಕೊಂಡಿದ್ದು? ಅದು ಮಧ್ಯಾಹ್ನದ ವಿಸಿಟ್‌ಗೆ ಬರುತ್ತೆ. ಬಿಟ್ಟು ಹೊರಡು.”

“ಮಧ್ಯಾಹ್ನದ ತನಕ ಹೇಲಾಗ ಮಕ್ಕೊಳ್ಳಬೇಕೇನ್ರಿ ಅವ್ರು?”

“ಎದುರು ಮಾತಾಡ್ಬೇಡ. ನಿಮ್ಮಂಥೋರಿಗೆ ವೀಸಾ ಕೊಡಿಸಿದ್ದೇ ನಂದು ತಪ್ಪು. ಅಲ್ಲೇ ಬೀದಿ ಗುಡಿಸ್ಕೊಂಡು ಬಿದ್ದಿರ್ತಿದ್ರಿ.”

ಫೋನು ಕಟ್ಟಾಯಿತು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ ಚಂದ್ರವ್ವ, ಲಕ್ವಾ ಹೊಡೆದು ಸೊಟ್ಟಗಾದ ಬಾಯಿಂದ ಒಂದೊಂದೇ ಮಾತನ್ನು ಹೊರಗೆ ಎಳೆದಳು. “ಆ ಭಾಡ್ಯಾಗ ಕೇಳ... ಅವನ ಮುಕಳಿ... ಯಾರ ತೊಳೀತಾರಂತ.”

“ಅಲುಗ್ಯಾಡಬ್ಯಾಡ್ರಿ. ಇನ್ನೊಂದೀಟ ಐತಿ,” ಎಂದಳು ಮಹಾನಂದಾ. ಮೈ ಉರಿಯುತ್ತಿದ್ದರೂ ನಗು ಬಂದುಬಿಟ್ಟಿತು.

ಬೀದಿ ಗುಡಿಸುವ ಮಾತು ರಾಮಪ್ರಸಾದ ಸುಮ್ಮನೆ ಬಾಯಿಗೆ ಬಂದಂತೆ ಆಡಿದ್ದಲ್ಲ. ಅವಳ ಕೆಲಸದ ಅರ್ಜಿಯಲ್ಲಿ ಓದಿಕೊಂಡಿದ್ದ. ಮಹಾನಂದಾಳ ಅವ್ವ ವಿಜಯಪುರ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪುರಸಭೆಯ ರಸ್ತೆ ಗುಡಿಸುತ್ತಾಳೆ. ಆದರೆ ಪುರಸಭೆಯ ನೌಕರಳಲ್ಲ, ಗುತ್ತಿಗೆದಾರನ ಆಳು. ಹಾಜರಿ ಪುಸ್ತಕ ಅವನ ಮನೆಯಲ್ಲಿರುತ್ತದೆ. ಅವನ ತಲೆ ನೆಟ್ಟಗಿದ್ದ ದಿನ ಅವಳು ಕೆಲಸಕ್ಕೆ ಬಂದ ಹಾಗೆ, ಕೆಟ್ಟ ದಿನ ಬಾರದ ಹಾಗೆ. ಆ ಕಸಬರಿಗೆ ತನ್ನ ಕೈಗೆ ಬರಬಾರದೆಂದೇ ಮಹಾನಂದಾ ಹಗಲು ರಾತ್ರಿ ಕೂತು ನರ್ಸಿಂಗ್ ಓದಿದಳು, ರಾಮಪ್ರಸಾದನ ಕಂಪನಿಯ ಕಾಗದ ಹಿಡಿದು ಲಂಡನ್ನಿನ ವಿಮಾನ ಹತ್ತಿದಳು. ಆ ಕಾಗದದ ಮೇಲೇ ಅವಳ ವೀಸಾ ನಿಂತಿದೆ. ಇವಳು ಬೇಡವೆಂದು ಅವನೊಂದು ಸಾಲು ಸರಕಾರಕ್ಕೆ ಬರೆದು ಕಳಿಸಿದರೆ, ಅರವತ್ತು ದಿನದಲ್ಲಿ ಬೇರೊಬ್ಬ ಧಣಿಯನ್ನು ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. ಹೋದ ವರ್ಷ ಸಿರಿಶಾ ಹಾಗೆ ಹುಡುಕಲು ಹೊರಟಿದ್ದಳು. ಲಂಡನ್ನಿನ ಅಂಚಿನ ಫೆಲ್ಥಮ್ಮಿನಲ್ಲಿ, ಅವನ ಕಂಪನಿಯ ಎಂಟು ಹೆಂಗಸರು ಇರುವ ಮನೆಯಲ್ಲಿ ಮಹಾನಂದಾಳ ಪಕ್ಕದ ಮಂಚ ಅವಳದು. ಐವತ್ತೆಂಟನೆಯ ದಿನ ಸೂಟ್‌ಕೇಸಿಗೆ ಹಗ್ಗ ಬಿಗಿದಳು, ಮರುದಿನವೇ ಆ ಮಂಚಕ್ಕೆ ಬೇರೊಬ್ಬಳು ಬಂದಳು.

ರಾಮಪ್ರಸಾದ ಕೂಡ ಗುತ್ತಿಗೆದಾರನೇ. ಬೆಂಗಳೂರಿನವನು, ಕನ್ನಡದ ಹಬ್ಬಗಳಲ್ಲಿ ಮೊದಲ ಸಾಲಿನ ಕುರ್ಚಿಯವನು. ಲಂಡನ್ನಿನ ಹೇಲ್‌ಬ್ರೂಕ್ ಎಂಬ ಸಣ್ಣ ವಿಭಾಗದ ಕೌನ್ಸಿಲ್ಲು, ಅಂದರೆ ಅಲ್ಲಿನ ಪುರಸಭೆ, ಮನೆಯಿಂದ ಹೊರಗೆ ಬರಲಾಗದ ಮುದುಕ ಮುದುಕಿಯರನ್ನು ತೊಳೆದು, ಉಣಿಸಿ, ಮಾತ್ರೆ ನುಂಗಿಸುವ ಕೆಲಸವನ್ನು ಅವನ ಕಂಪನಿಗೆ ವಹಿಸಿತ್ತು. ಒಬ್ಬೊಬ್ಬರಿಗೆ ಇಷ್ಟಿಷ್ಟು ನಿಮಿಷ ಎಂದು ಕೌನ್ಸಿಲ್ಲೇ ಅಳೆದು ಕೊಡುತ್ತಿತ್ತು. ಚಂದ್ರವ್ವನಿಗೆ ಬೆಳಗಿನ ಪಾಲು ಅರ್ಧ ಗಂಟೆ.

ಧಾರವಾಡದ ಕಡೆಯ ಗೌಡರ ಮನೆಯ ಹೆಣ್ಣುಮಗಳು ಚಂದ್ರವ್ವ. ಲಂಡನ್ನಿನ ವಿಮಾನ ನಿಲ್ದಾಣದ ಅಡಿಗೆಮನೆಯಲ್ಲಿ ಕೆಲಸ ಸಿಕ್ಕ ಗಂಡ ವೀರಣ್ಣನ ಹಿಂದೆ ಐವತ್ತು ವರ್ಷದ ಕೆಳಗೆ ಬಂದವಳು. ಮಕ್ಕಳಾಗಲಿಲ್ಲ, ಗಂಡ ಹೋಗಿ ಒಂಬತ್ತು ವರ್ಷವಾಯಿತು. ದೇಶ ಬಿಟ್ಟರೂ ಗೌಡಿಕೆ ಬಿಟ್ಟಿರಲಿಲ್ಲ. ಮಹಾನಂದಾ ಮೊದಲ ದಿನ ಬಾಗಿಲೊಳಗೆ ಕಾಲಿಟ್ಟಾಗಲೇ, “ಯಾ ಮಂದಿ ನೀವು?” ಎಂದು ಕೇಳಿದ್ದಳು. ಮಹಾನಂದಾ ಮುಚ್ಚಿಡದೆ ಹೇಳಿದಳು. ಅಂದಿನಿಂದ ಐದು ವಾರ ಚಂದ್ರವ್ವ ಅವಳಿಂದ ಮೈ ತೊಳೆಸಿಕೊಂಡಳು, ಕುಂಡೆ ಒರೆಸಿಕೊಂಡಳು, ಅನ್ನ ಮಾತ್ರ ಬಾಯಿಗೆ ಹಾಕಿಸಿಕೊಳ್ಳಲಿಲ್ಲ. ನೆಟ್ಟಗಿದ್ದ ಬಲಗೈಯಿಂದ ತಾನೇ ಚಮಚ ಎತ್ತಿ ಅರ್ಧ ಎದೆಯ ಮೇಲೆ ಚೆಲ್ಲಿಕೊಳ್ಳುತ್ತಿದ್ದಳು. ಒಂದು ದಿನ ಬ್ರೆಡ್ಡಿನ ಚೂರು ಗಂಟಲಿಗೆ ಸಿಕ್ಕಿ ಕಣ್ಣು ಮೇಲಾಯಿತು. ಮಹಾನಂದಾ ಬಾಯೊಳಗೆ ಎರಡು ಬೆರಳು ತೂರಿಸಿ ಎಳೆದು ತೆಗೆದಳು. ಉಸಿರು ಮರಳಿದ ಮೇಲೆ ಚಂದ್ರವ್ವ, “ಬಾಯಾಗ ಕೈ ಹಾಕಿದ ಮ್ಯಾಲ ಇನ್ನೇನ ಉಳೀತು. ಉಣಸು,” ಎಂದಳು. ಮಹಾನಂದಾ ಉಣಿಸಿದಳು. ಕ್ಷಮಿಸಿದಳೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಹಸಿದವರ ಬಾಯಿ ಮುಂದೆ ತೆರೆದಿದ್ದಾಗ ಅದನ್ನೆಲ್ಲ ಯೋಚಿಸಲು ಪುರಸೊತ್ತು ಎಲ್ಲಿ.

ಉಣಿಸುವುದಕ್ಕೇ ಹೊತ್ತು ಬೇಕು. ನುಂಗುವ ಶಕ್ತಿ ಅರ್ಧ ಹೋಗಿದೆ, ಕುಡಿಯುವ ನೀರಿಗೂ ಪುಡಿ ಕಲಸಿ ಗಟ್ಟಿ ಮಾಡಿ ಕೊಡಬೇಕು. ಜೋಳದ ನುಚ್ಚು ಮೆತ್ತಗೆ ಬೇಯಿಸಿ ಹಾಲು ಹಾಕಿ ನುರಿದು ಒಂದೊಂದೇ ಚಮಚ ಕೊಟ್ಟು, ಗಂಟಲು ಇಳಿದದ್ದನ್ನು ಕಣ್ಣಿಂದ ನೋಡಿ, ಆಮೇಲೆ ಮುಂದಿನ ಚಮಚ. ಅವಸರ ಮಾಡಿದರೆ ಶ್ವಾಸಕ್ಕೆ ಹೋಗುತ್ತದೆ. ಅರ್ಧ ಗಂಟೆ ತೊಳೆದು ಬಟ್ಟೆ ಉಡಿಸುವುದಕ್ಕೇ ಮುಗಿಯುತ್ತಿತ್ತು.

ಬಾಗಿಲ ಹಿಂದೆ ಒಂದು ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿತ್ತು. ಬಂದಾಗ ಅದಕ್ಕೆ ಫೋನು ಮುಟ್ಟಿಸಿದರೆ ಲಾಗ್ ಇನ್, ಹೋಗುವಾಗ ಮುಟ್ಟಿಸಿದರೆ ಲಾಗ್ ಔಟ್. ಒಂದು ನಿಮಿಷ ಹೆಚ್ಚಾದರೂ ರಾಮಪ್ರಸಾದನ ಕೂಗಾಟ. ಹಾಗಾಗಿ ಅವನ ಎಂಟೂ ಹೆಂಗಸರು ಒಂದು ದಾರಿ ಕಂಡುಕೊಂಡಿದ್ದರು: ಹೊತ್ತಿಗೆ ಸರಿಯಾಗಿ ಬಿಲ್ಲೆಗೆ ಫೋನು ಮುಟ್ಟಿಸುವುದು, ತಿರುಗಿ ಬಂದು ಉಳಿದ ಕೆಲಸ ಮುಗಿಸುವುದು. ಆ ಹೊತ್ತಿಗೆ ಸಂಬಳವಿಲ್ಲ, ಅದು ಅವರಿಗೂ ಗೊತ್ತು. ಆದರೆ ಯಾರನ್ನಾದರೂ ಅರ್ಧ ತೊಳೆದು ಬಿಟ್ಟು ಬಂದರೆ ಇಡೀ ದಿನ ತಮ್ಮ ಕೈಯೇ ಅಸಹ್ಯವೆನಿಸುತ್ತದೆ. ಎರಡು ತಿಂಗಳ ಹಿಂದೆ ಅವನು, “ಇನ್ಮೇಲೆ ಎಲ್ಲರೂ ಹದಿನೈದು ನಿಮಿಷಕ್ಕೇ ಲಾಗ್ ಔಟ್ ಆಗಿ, ಆಮೇಲೆ ಏನಾದ್ರೂ ಮಾಡ್ಕೊಳ್ಳಿ,” ಎಂದಾಗಲೂ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಹೇಗಿದ್ದರೂ ಕೆಲಸ ಮಾಡುವುದೇ, ಬಿಲ್ಲೆ ಯಾವಾಗ ಮುಟ್ಟಿಸಿದರೇನು ಅಂದುಕೊಂಡರು.

ಫೋನಿನ ಬೈಗುಳವಾದ ಮೂರನೆಯ ದಿನ ಅವನು ಮಹಾನಂದಾಳನ್ನು ವೆಂಬ್ಲಿಗೆ ಕರೆಸಿದ. ಈಲಿಂಗ್ ರೋಡಿನಲ್ಲಿ ಸೀರೆ ಅಂಗಡಿಯೊಂದರ ಮೇಲೆ ಅವನ ಆಫೀಸು. ಒಂದು ತಾಸು ಮೆಟ್ಟಿಲ ಮೇಲೆ ಕೂರಿಸಿ ಆಮೇಲೆ ಒಳಗೆ ಕರೆದ. ಮೇಜಿನ ಮೇಲೆ ಒಂದು ಹಾಳೆ ಇತ್ತು.

“ಗುರುವಾರ ಕೌನ್ಸಿಲಿಂದ ಅಸೆಸ್‌ಮೆಂಟ್‌ಗೆ ಬರ್ತಾರೆ. ಚಂದ್ರವ್ವನ ಮನೆಗೆ. ಅವ್ಳಿಗೆ ಎಷ್ಟು ಹೊತ್ತು ಕೇರ್ ಬೇಕು ಅಂತ ಎದುರಿಗೇ ಕೂತು ಟೈಮ್ ನೋಡ್ತಾರೆ. ಹದಿನೈದು ನಿಮಿಷದಲ್ಲಿ ಮುಗಿಸ್ಬೇಕು. ಇಲ್ಲೊಂದು ಸಹಿ ಹಾಕು.”

ಮಹಾನಂದಾ ಹಾಳೆ ಓದಿದಳು. ಈ ಗಿರಾಕಿಯ ಬೆಳಗಿನ ಎಲ್ಲ ಕೆಲಸವೂ ಹದಿನೈದು ನಿಮಿಷದಲ್ಲಿ ಸಂಪೂರ್ಣವಾಗಿ ಮುಗಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು, ಕೆಳಗೆ ಅವಳ ಹೆಸರು.

“ಇದು ಖರೇ ಅಲ್ಲಲ್ರಿ ಸರ್.”

“ಖರೇ ಅಲ್ವಾ? ಎರಡು ತಿಂಗಳಿಂದ ದಿನಾ ಹದಿನೈದಕ್ಕೆ ಲಾಗ್ ಔಟ್ ಆಗಿರೋರು ಯಾರು, ನಮ್ಮಜ್ಜಿನಾ? ನಿನ್ನ ರೆಕಾರ್ಡ್, ನಿನ್ನ ಫೋನು.” ಕಂಪ್ಯೂಟರಿನ ಪರದೆ ಅವಳ ಕಡೆ ತಿರುಗಿಸಿದ. ಸಾಲು ಸಾಲಾಗಿ ಹಸಿರು ಗುರುತು. ಅವನ ಮಾತು ಸ್ವಲ್ಪ ಮೆತ್ತಗಾಯಿತು, ಅದೇ ಇನ್ನೂ ಕೆಟ್ಟದಾಗಿತ್ತು. “ನೋಡಮ್ಮ, ಇದು ನನ್ನ ನಿನ್ನ ಕೈಲಿಲ್ಲ. ಚಂದ್ರವ್ವ ಇರೋ ಆ ಕಟ್ಟಡ ಕೆಡವಿ ಬಿಲ್ಡರ್‌ಗೆ ಕೊಡೋಕೆ ಕೌನ್ಸಿಲ್ ಅಗ್ರಿಮೆಂಟ್ ಮಾಡ್ಕೊಂಡಿದೆ. ಜಾಸ್ತಿ ಕೇರ್ ಬೇಕಾದೋರಿಗೆ ಹೊಸ ಕಟ್ಟಡದ ಕೆಳಗಡೆ, ರಾತ್ರಿ ಹಗಲು ಆಳಿರೋ ರೂಮು ಕಟ್ಟಿಕೊಡ್ಬೇಕು ಅಂತಿದೆ ಅದ್ರಲ್ಲಿ. ಅಂಥೋರು ಕಮ್ಮಿ ಆದ್ರೆ ರೂಮೂ ಕಮ್ಮಿ. ಬಿಲ್ಡರ್‌ಗೆ ಒಳ್ಳೇದು, ಕೌನ್ಸಿಲ್‌ಗೆ ಒಳ್ಳೇದು, ನಮ್ಗೆ ಇನ್ನು ನಾಲ್ಕು ವರ್ಷ ಕಾಂಟ್ರಾಕ್ಟ್. ನಿನ್ನ ವೀಸಾನೂ ಗಟ್ಟಿ.”

“ಅವ್ವಾರಿಗೆ?”

“ಯಾವ ಅವ್ವ?”

“ಚಂದ್ರವ್ವನವ್ರಿಗೆ ಏನ ಸಿಗತೈತ್ರಿ?”

“ಆರನೇ ಫ್ಲೋರಲ್ಲಿ ಫ್ಲ್ಯಾಟ್. ಲಿಫ್ಟ್ ಇದೆ. ಬೆಳಿಗ್ಗೆ ಹದಿನೈದು ನಿಮಿಷ ಕೇರ್.” ಪೆನ್ನು ಮುಂದೆ ತಳ್ಳಿದ. “ಸಹಿ ಹಾಕ್ತೀಯೋ, ಸಿರಿಶಾ ಫೋನ್ ನಂಬರ್ ಕೊಡ್ಲೋ? ಊರಲ್ಲಿ ಹೇಗಿದ್ದಾಳೆ ಕೇಳ್ಕೊ.”

ಸಹಿ ಹಾಕಿದಳು. ಬ್ಯಾಗು ಹೆಗಲಿಗೇರಿಸಿ ಏಳುವಾಗ ಅವನು ಫೋನಿನಿಂದ ತಲೆಯೆತ್ತದೆ ಹೇಳಿದ. “ಇವತ್ತು ಕ್ಲೀನರ್ ಬಂದಿಲ್ಲ. ಹೇಗೂ ಬಂದಿದ್ದೀಯಲ್ಲ, ಟಾಯ್ಲೆಟ್ ಒಂದು ಉಜ್ಜಿಬಿಟ್ಟು ಹೋಗು.”

ಅದನ್ನೂ ಉಜ್ಜಿದಳು.

ಮರುದಿನ ಬೆಳಿಗ್ಗೆ ನುಚ್ಚಿನ ಬಟ್ಟಲು ಹಿಡಿದು ಹಾಸಿಗೆಯ ಅಂಚಿಗೆ ಕೂತು ಎಲ್ಲವನ್ನೂ ಹೇಳಿದಳು. ಹೇಳದೆ ಉಣಿಸಲು ಅವಳಿಂದಾಗಲಿಲ್ಲ. ಚಂದ್ರವ್ವ ನೆಟ್ಟಗಿದ್ದ ಕಣ್ಣಿನಿಂದ ಅವಳನ್ನೇ ನೋಡಿದಳು.

“ಸಹಿ ಮಾಡಿದಿ?”

“ಮಾಡಿದ್ನಿರಿ.”

“ಹಂಗಾರ ನನ್ನ ಕೊಂದಿ.”

“ನಾ ಏನ ಮಾಡ್ಲ್ರಿ? ನಿಮ್ಮ ಕಪಾಟಿನ್ಯಾಗ ಈ ದೇಶದ ಪಾಸ್‌ಪೋರ್ಟ್ ಐತಿ. ನನ್ನ ಹಂತ್ಯಾಕ ಏನೈತಿ, ಆ ಸೂಳಿಮಗನ ಕಾಗದ. ನನ್ನ ಕಳಸಿದ್ರ ನಮ್ಮವ್ವನ ಕಸಬರಿಗಿ ಹಿಡಕೋಬೇಕು. ಅಲ್ಲೂ ಗುತಗೇದಾರ, ಇಲ್ಲೂ ಗುತಗೇದಾರ. ನೀವು ಮಕ್ಕೊಂಡ ಅಂತೀರಿ, ಕೊಂದಿ ಅಂತ.”

ಚಂದ್ರವ್ವ ಬಾಯಿ ಮುಚ್ಚಿ ಗೋಡೆಯ ಕಡೆ ಮುಖ ತಿರುಗಿಸಿದಳು. ಚಮಚ ತುಟಿಗೆ ತಂದರೂ ತೆರೆಯಲಿಲ್ಲ. ಮೊದಲು ಜಾತಿಗಾಗಿ ಮುಚ್ಚಿದ್ದ ಬಾಯಿ, ಈಗ ಸಹಿಗಾಗಿ. ಮಹಾನಂದಾಳಿಗೆ ಬಟ್ಟಲನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು, ಅಳುವೂ ಬಂತು. ನುಚ್ಚು ತಣ್ಣಗಾದಾಗ ಮತ್ತೆ ಬಿಸಿ ಮಾಡಿ ತಂದಳು. ಎರಡನೆಯ ಸಲ ಬಿಸಿ ಮಾಡುವ ಹೊತ್ತಿಗೆ ಲಾಗ್ ಔಟ್ ಆಗಿ ಮುಕ್ಕಾಲು ಗಂಟೆ ಕಳೆದಿತ್ತು. ಚಂದ್ರವ್ವ ಕೊನೆಗೆ ಬಾಯಿ ತೆರೆದಳು, ಮಾತಿಗಲ್ಲ, ಹೊಟ್ಟೆಗೆ.

ಗುರುವಾರ ಕೌನ್ಸಿಲಿನ ಅಧಿಕಾರಿ ಬಂದಳು. ನಲವತ್ತರ ಆಸುಪಾಸಿನ ಇಂಗ್ಲಿಷ್ ಹೆಂಗಸು, ಮೆದು ಮಾತಿನವಳು. ಕೊರಳಲ್ಲಿ ಕಾರ್ಡು, ತೊಡೆಯ ಮೇಲೆ ಟ್ಯಾಬ್ಲೆಟ್ಟು. ಇದ್ದೊಂದು ಕುರ್ಚಿಯಲ್ಲಿ ಅವಳು ಕೂತಳು. ರಾಮಪ್ರಸಾದ ಬಟ್ಟೆಯ ಕಪಾಟಿಗೆ ಒರಗಿ ನಿಂತ, ಹೊಸ ಕೋಟು ಹಾಕಿಕೊಂಡಿದ್ದ. ಮೆಟ್ಟಿಲಲ್ಲಿ ಅಂಟಿಸಿದ್ದ ಹೊಸ ಕಟ್ಟಡದ ಚಿತ್ರ ಚೆನ್ನಾಗಿದೆ ಎಂದು ಅವಳೂ, ಹೌದು ಬಹಳ ಚೆನ್ನಾಗಿದೆ ಎಂದು ಅವನೂ ಮಾತಾಡಿಕೊಂಡರು. ಮಲಗಿದ್ದವಳನ್ನು ನಿಮಗಿದು ಸರಿಯೇ ಎಂದು ಯಾರೂ ಕೇಳಲಿಲ್ಲ.

“ದಿನಾ ಮಾಡುವ ಹಾಗೇ ಮಾಡಿ. ನಾವು ಇಲ್ಲಿಲ್ಲ ಅಂದುಕೊಳ್ಳಿ,” ಎಂದಳು ಅಧಿಕಾರಿ ಇಂಗ್ಲಿಷಿನಲ್ಲಿ.

ಮಹಾನಂದಾ ಬಿಲ್ಲೆಗೆ ಫೋನು ಮುಟ್ಟಿಸಿದಳು. ಅಧಿಕಾರಿಯ ಟ್ಯಾಬ್ಲೆಟ್ಟಿನಲ್ಲಿ ನಿಮಿಷ ಓಡತೊಡಗಿತು.

ಬೆಳಗಿನವರೆಗೂ ಮಹಾನಂದಾಳ ಯೋಚನೆ ಒಂದೇ ಇತ್ತು. ಬೇಗ ಬೇಗ ಕೈ ಆಡಿಸಿ ಹೇಗಾದರೂ ಹದಿನೈದರೊಳಗೆ ಮುಗಿಸಿದಂತೆ ತೋರಿಸುವುದು, ಇವರು ಹೋದಮೇಲೆ ತಿರುಗಿ ಬಂದು ಉಣಿಸುವುದು. ಆದರೆ ಮೈಯೆಂಬುದಕ್ಕೆ ಅದರದೇ ವೇಳೆ. ಎಡಗಾಲು ಬಿಗಿದುಕೊಂಡಿತ್ತು, ನಿಧಾನವಾಗಿ ನೀವದೆ ಮಡಚುತ್ತಿರಲಿಲ್ಲ. ಬಲಕ್ಕೆ ಹೊರಳಿಸಿದಾಗ ಚಂದ್ರವ್ವ ನರಳಿದಳು. ಕೆಳಗಿನದು ತೊಳೆದು ಪ್ಯಾಡು ಬದಲಿಸುವಷ್ಟರಲ್ಲಿ ಎಂಟು ನಿಮಿಷ. ಎತ್ತಿ ಕೂರಿಸಿ ದಿಂಬು ಕೊಟ್ಟಾಗ ಹನ್ನೊಂದು. ನೈಟಿ ಕಳಚಿ ಬೆನ್ನಿಗೆ ಬಿಸಿನೀರಿನ ಬಟ್ಟೆ ಹಾಕಿದಳು. ಬೆನ್ನಿನ ಕೆಳಗೆ ಒಂದು ಕಡೆ ಚರ್ಮ ಕೆಂಪಾಗಿ ಒಡೆಯಲು ನೋಡುತ್ತಿತ್ತು. ಅಲ್ಲಿ ಒತ್ತದ ಹಾಗೆ ಮೆಲ್ಲಗೆ ಒರೆಸಬೇಕು.

“ಸ್ವಲ್ಪ ಬೇಗ,” ಎಂದ ರಾಮಪ್ರಸಾದ ಕನ್ನಡದಲ್ಲಿ, ಮುಖದ ಮೇಲೆ ಇಂಗ್ಲಿಷಿನ ನಗು ಇಟ್ಟುಕೊಂಡೇ. “ಬೆನ್ನು ಸಾಕು. ಬಟ್ಟೆ ಹಾಕು.”

ಅಧಿಕಾರಿ ಟ್ಯಾಬ್ಲೆಟ್ಟಿನಲ್ಲಿ ಏನೋ ಗುರುತು ಹಾಕಿಕೊಂಡಳು. ಮೈ ತೊಳೆಯುವುದು, ಆಯಿತು. ಮಹಾನಂದಾ ಅದನ್ನು ಕಂಡಳು. ಬೆನ್ನಿನ ಮೇಲೆ ನೀರು ಇನ್ನೂ ಹಾಗೇ ಇತ್ತು. ಇನ್ನು ಅನ್ನದ್ದಕ್ಕೂ ಹೀಗೇ ಗುರುತು ಬೀಳುತ್ತದೆ ಎಂದು ಅವಳಿಗೆ ಹೊಳೆಯಿತು. ಎರಡು ಚಮಚ ಬಾಯಿಗೆ ಹೋಗುವುದು ಕಂಡರೆ ಊಟವೂ ಆಯಿತು. ತಾನು ಬೇಗ ಮಾಡಿದಷ್ಟೂ ಈ ಮುದುಕಿಯ ಹೊತ್ತು ಕಡಿಮೆಯಾಗುತ್ತದೆ, ಬಿಲ್ಲೆ ಮುಟ್ಟಿಸಿ ತಿರುಗಿ ಬಂದು ದುಡಿದ ಒಂದೊಂದು ದಿನವೂ ಇವಳ ಹೊತ್ತು ತಾನೇ ಕಡಿದದ್ದು.

ಟ್ಯಾಬ್ಲೆಟ್ಟು ಸದ್ದು ಮಾಡಿತು. ಹದಿನೈದು.

ಚಂದ್ರವ್ವನ ಒಂದು ಕೈ ಮಾತ್ರ ನೈಟಿಯ ತೋಳಿನೊಳಗಿತ್ತು. ಮಹಾನಂದಾ ಟವೆಲ್ಲನ್ನು ಹಾಸಿಗೆಯ ಮೇಲಿಟ್ಟಳು. ಬಾಗಿಲಿಗೆ ಹೋಗಿ ಬಿಲ್ಲೆಗೆ ಫೋನು ಮುಟ್ಟಿಸಿದಳು. ತಿರುಗಿ ಬಂದು ಹಾಸಿಗೆಯಿಂದ ಎರಡು ಹೆಜ್ಜೆ ದೂರ ಗೋಡೆಗೆ ನಿಂತಳು.

ಯಾರಿಗೂ ಮೊದಲು ತಿಳಿಯಲಿಲ್ಲ. ಮರೆತದ್ದನ್ನು ಏನಾದರೂ ತರುತ್ತಾಳೆ ಎಂದು ಕಾದರು.

“ಮುಗಿಸು,” ಎಂದ ರಾಮಪ್ರಸಾದ.

“ವೇಳೆ ಆತ್ರಿ ಸರ್.”

“ನಾಟಕ ಆಡ್ಬೇಡ. ಬಟ್ಟೆ ಹಾಕು ಅವ್ಳಿಗೆ.”

“ನೀವs ಬರಸಕೊಂಡೀರಲ್ರಿ, ಹದಿನೈದು ಮಿನಿಟಿನ್ಯಾಗ ಎಲ್ಲಾ ಮುಗೀತೈತಿ ಅಂತ. ಮುಗದೈತಿ.”

ಅಧಿಕಾರಿ ಇಬ್ಬರ ಮುಖವನ್ನೂ ನೋಡಿದಳು. “ಏನಾಗುತ್ತಿದೆ? ನೀವು ದಿನಾ ಹೀಗೆ ಬಿಟ್ಟು ಹೋಗುತ್ತೀರಾ?”

ಮಹಾನಂದಾಳ ಇಂಗ್ಲಿಷು ಮೋಟು, ಆದರೆ ಇಷ್ಟಕ್ಕೆ ಸಾಕಾಗುವಷ್ಟಿತ್ತು. ದಿನಾ ಹದಿನೈದಕ್ಕೆ ಲಾಗ್ ಔಟ್ ಆಗುತ್ತೇನೆ, ಆಮೇಲೆ ಮುಕ್ಕಾಲು ಗಂಟೆ ಇಲ್ಲೇ ಇರುತ್ತೇನೆ, ಉಣಿಸಿ ಹೋಗುತ್ತೇನೆ. ಎಂಟೂ ಜನ ಹಾಗೇ ಮಾಡುತ್ತೇವೆ. ಹಸಿರು ಗುರುತೆಲ್ಲ ಸುಳ್ಳು, ಸಹಿ ಮಾಡಿದ್ದೂ ಸುಳ್ಳು. ಒಂದೊಂದೇ ವಾಕ್ಯ ಜೋಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ತನ್ನ ಅರವತ್ತು ದಿನ ಇವತ್ತಿನಿಂದಲೇ ಶುರುವೆಂದು ಅವಳಿಗೆ ಗೊತ್ತಾಗುತ್ತಿತ್ತು.

ಅಧಿಕಾರಿ ಎಲ್ಲವನ್ನೂ ಬರೆದುಕೊಂಡಳು. ಅದೇ ಮೆದು ದನಿಯಲ್ಲಿ ಹೇಳಿದಳು. “ಅಂದರೆ ಎರಡು ತಿಂಗಳಿಂದ ನೀವು ಸುಳ್ಳು ದಾಖಲೆ ಮಾಡಿದ್ದೀರಿ. ಇದು ಗಂಭೀರ ವಿಷಯ. ನಿಮ್ಮ ಹೆಸರು ಇನ್ನೊಮ್ಮೆ ಹೇಳಿ.”

“ನಮಗೆ ಇದೊಂದೂ ಗೊತ್ತೇ ಇರಲಿಲ್ಲ,” ಎಂದ ರಾಮಪ್ರಸಾದ ತಕ್ಷಣ ಇಂಗ್ಲಿಷಿನಲ್ಲಿ. “ಇವಳ ಮೇಲೆ ಕ್ರಮ ತಗೊಳ್ತೀವಿ. ಅಸೆಸ್‌ಮೆಂಟಿಗೆ ಇನ್ನೊಂದು ದಿನ ಬೇರೆ ಹುಡುಗಿಯನ್ನ ಕಳಿಸ್ತೀನಿ.”

“ಹೌದು, ಅದೇ ಸರಿ,” ಎಂದಳು ಅಧಿಕಾರಿ.

ಮಹಾನಂದಾ ಹೆಸರು ಹೇಳಿದಳು. ಅಕ್ಷರ ಬಿಡಿಸಿ ಹೇಳೆಂದಾಗ ಬಿಡಿಸಿಯೂ ಹೇಳಿದಳು. ಚಂದ್ರವ್ವನ ಬರಿಮೈ ಆಗಲೇ ನಡುಗತೊಡಗಿತ್ತು. ಆ ನಡುಕ ನೋಡಲಾಗದೆ ಮಹಾನಂದಾ ಒಂದು ಹೆಜ್ಜೆ ಮುಂದಿಟ್ಟಳು.

“ನಿಂದರು,” ಎಂದಳು ಚಂದ್ರವ್ವ. ಹಲ್ಲು ಕಟಕಟಿಸುತ್ತಿತ್ತು, ಮಾತು ತೊಡರುತ್ತಿತ್ತು. “ಮುಟ್ಟಬ್ಯಾಡ ನನ್ನ... ಮಾನಂದಾ. ನೀ ನಿಂದರು. ಏ ಕೋಟಿನಂವಾ... ನೀ ಬಾ. ಒರಸು.”

ರಾಮಪ್ರಸಾದ ಕಪಾಟಿಗೆ ಇನ್ನಷ್ಟು ಒತ್ತಿಕೊಂಡ. ಮುದುಕಿ ಏನು ಹೇಳುತ್ತಿದ್ದಾಳೆ ಎಂದು ಅಧಿಕಾರಿ ಕೇಳಿದಳು. ಮಹಾನಂದಾ ಇಂಗ್ಲಿಷಿನಲ್ಲಿ ಹೇಳಿದಳು, “ಒರೆಸಿ ಅಂತಿದ್ದಾರೆ. ನಿಮ್ಮಿಬ್ಬರಲ್ಲಿ ಯಾರಾದರೂ.”

ಅಧಿಕಾರಿ ಹಾಸಿಗೆಯ ಮೇಲಿದ್ದ ಟವೆಲ್ಲನ್ನು ನೋಡಿದಳು, ತೊಡೆಯ ಮೇಲಿದ್ದ ಟ್ಯಾಬ್ಲೆಟ್ಟನ್ನು ನೋಡಿದಳು. ಅದು ತನ್ನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ ಎಂದಳು, ಕ್ಷಮೆ ಕೇಳಿಕೊಂಡು. ನೀರು ಬೆನ್ನಿನಿಂದ ಇಳಿದು ಹಾಸಿಗೆಗೆ ಇಂಗುತ್ತಿತ್ತು. ಮಹಾನಂದಾ ಎರಡೂ ಕೈಗಳನ್ನು ಬೆನ್ನ ಹಿಂದೆ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ಬಿಟ್ಟಿದ್ದರೆ ಅವು ತಾವಾಗಿಯೇ ಹೋಗಿ ಟವೆಲ್ಲು ಎತ್ತಿಕೊಳ್ಳುತ್ತಿದ್ದವು.